ಗಾರೆ ಕೈ ಕಲಸಿದ ಹಾಲು

ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಅಪ್ಪನ ಕೈಗೆ ನಾಲ್ಕು ತಿಂಗಳ ಕೂಸನ್ನು ಒಪ್ಪಿಸಿ, ಮಗಳು ಅಂದೇ ಮೊದಲ ಸಲ ಕೆಲಸಕ್ಕೆ ಹೋಗಿದ್ದಳು. ಕೂಸಿಗೆ ಡಬ್ಬಿಯ ಹಾಲಿನ ಪುಡಿಯೇ ಆಧಾರ. ಅಪ್ಪ ಅಳತೆ ತಪ್ಪಿದರೆ, ಉಳಿದ ಹಾಲನ್ನೇ ಮತ್ತೆ ಕುಡಿಸಿದರೆ ಎಂದು ಜೀವ ಕೈಯಲ್ಲಿ ಹಿಡಿದು ದಿನ ಕಳೆದಳು.

ಸಂಜೆ ಓಡೋಡಿ ಬಂದಾಗ ಕೂಸು ನಿದ್ದೆಯಲ್ಲಿತ್ತು. ಅಪ್ಪ ಬಾಟಲಿಯಲ್ಲಿ ಉಳಿದ ಹಾಲನ್ನು ಚೆಲ್ಲುತ್ತಿದ್ದ.

“ಅಪ್ಪಾ, ಪುಡಿ ಎಷ್ಟು ಹಾಕ್ದೆ?”

“ಕುದಿಸಿದ ನೀರು ಮೊದ್ಲು ಅಳೆದೆ. ಆಮೇಲೆ ಚಮಚದ ತಲೆ ಚಾಕುವಿನಲ್ಲಿ ಸವರಿ ಸಮ ಮಾಡಿ, ಡಬ್ಬಿ ಮೇಲೆ ಬರೆದಷ್ಟೇ ಹಾಕ್ದೆ. ಆರಿಸಿ ಕುಡಿಸ್ದೆ.”

“ಉಳಿದದ್ದು?”

“ಕಲಸಿಟ್ಟ ಸಿಮೆಂಟು ಹೊತ್ತು ಮೀರಿದ್ರೆ ಕಂಡೋರ ಗೋಡೆಗೇ ಮೆತ್ತಲ್ಲ ನಾನು. ಮೊಮ್ಮಗಳ ಹೊಟ್ಟೆಗೆ ಹಾಕ್ತೀನೇನೇ, ಪೆದ್ದಿ?”

ಆಗಲೇ ಮಗಳು ಹೆಗಲ ಚೀಲ ಇಳಿಸಿ, ಗೋಡೆಗೊರಗಿ ಕೂತು ನಕ್ಕುಬಿಟ್ಟಳು.