ನಂದಿಗುಡಿ ಕಂಡುಹಿಡಿದವಳು ನಾನು

ನಾನು ಓದಿದ್ದು ಎರಡನೇ ಕ್ಲಾಸು. ಆದ್ರೂ ದಾವಣಗೆರೆಯ ಒಂದು ಶಾಲೆ ಗೋಡೆ ಮೇಲೆ ಈಗ ನಾನಿದ್ದೀನಿ. ಈ ಖುಷಿ ಹೊಟ್ಟೆಯೊಳಗೆ ಹಿಡಿಸದೆ ಬರೀತಿದ್ದೀನಿ.

ಮೊಮ್ಮಗಳು ಶಾಲೆಯಿಂದ ಒಂದು ಪುಸ್ತಕ ತಂದಿದ್ದಳು. ಹಿಂದಿನ ಕಾಲದಲ್ಲಿ ಹೊಸ ಹೊಸ ದೇಶ ಹುಡುಕಿಕೊಂಡು ಹೊರಟ ಹೆಂಗಸರದ್ದು, ಎಲ್ಲ ನಿಜವಾಗಿ ನಡೆದದ್ದಂತೆ. ಒಬ್ಬಾಕೆ ಗಂಡಸಿನ ವೇಷ ಹಾಕಿ ಹಡಗು ಹತ್ತಿ, ಗಿಡ ಕಿತ್ತು ಕೂಡಿಸ್ತಾ ಭೂಮಿ ಸುತ್ತಿಬಂದಳಂತೆ. ನಿಮ್ಮ ಮನೆಯಲ್ಲೂ ಇಂಥಾಕೆ ಇದ್ದರೆ ಒಂದು ಹಾಳೆ ಬರ್ಕೊಂಡು ಬನ್ನಿ, ಗೋಡೆಗೆ ಹಚ್ಚೋಣ ಅಂದಿದ್ದರು ಮೇಡಂ. ತನ್ನ ಹಾಳೆ ಗೋಡೆ ಏರಲೇಬೇಕು ಅಂತ ಹುಡುಗಿ ಊಟ ಬಿಟ್ಟು ಕೂತಳು. ಅವಳಮ್ಮ ಹೋಗೋದು ಇಲ್ಲೇ ಊರ ಪಕ್ಕದ ಕರೂರಿನ ಫ್ಯಾಕ್ಟರಿಗೆ, ಬರೋದು ಮನೆಗೆ. ಉಳಿದವಳು ನಾನು.

"ದಾರಿ ತಪ್ಪಿದ್ದು ಒಂದು ಐತೆ, ನಡೀತದಾ?" ಅಂದೆ.

ಮದುವೆಯಾದ ಹೊಸತು. ತವರು ಹರಿಹರದಿಂದ ದಾವಣಗೆರೆಗೆ ಹೊರಟವಳು ನಂದಿಗುಡಿ ಬಸ್ಸು ಹತ್ತಿಬಿಟ್ಟಿದ್ದೆ. ಇಳಿದರೆ ಊರೇ ಬೇರೆ. ಯಾರ ಮನೆ ಸೊಸೆ ಅಂತ ಅಲ್ಲಿಯವರು ಕೇಳಿದರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಮಾವಂದಂತೂ ಹೇಳಲೇಬಾರದು. ಮಂಡಕ್ಕಿ ಹುರಿಯೋ ಭಟ್ಟಿಯವರು ಅಂದೆ. ದಾವಣಗೆರೆಯಲ್ಲಿ ಭಟ್ಟಿ ಒಂದಾ ಎರಡಾ. ಯಾರಿಗೆ ಒಪ್ಪಿಸಬೇಕು ಅಂತ ತಿಳಿಯದೆ ಹೊಸ ಸೊಸೇನ ಹತ್ತಿಸಿಕೊಳ್ಳಲ್ಲ ಅಂದ ದಾವಣಗೆರೆ ಬಸ್ಸಿನ ಕಂಡಕ್ಟರ್. ಆಗ ಮೈತುಂಬ ವಿಭೂತಿ ಹಚ್ಚಿಕೊಂಡ ಅಜ್ಜನೊಬ್ಬ ಕಟ್ಟೆ ಮೇಲೆ ಕೂತು, ಗಂಡಂದು ಇದರಾಗೇ ಇರಬೇಕು ಅಂತ ಶಿವನ ಹೆಸರು ಒಂದೊಂದೇ ಹೇಳತೊಡಗಿದ. ಇಡೀ ಊರು ನನ್ನ ಮುಖ ನೋಡ್ತಾ ನಿಂತಿತು. ಎಷ್ಟೋ ಹೆಸರಾದ ಮೇಲೆ ನಾನು ಸರಕ್ಕನೆ ಸೆರಗು ಮುಖಕ್ಕೆ ಎಳಕೊಂಡೆ. ಸಿಕ್ಕಿತು ಅಂತ ಕಂಡಕ್ಟರ್ ಸೀಟಿ ಊದಿದ. ಹೊರಡುವಾಗ ಒಬ್ಬಾಕೆ ನನ್ನ ಮಡಿಲಿಗೆ ಕರಿಬೇವಿನ ಸಸಿ ಹಾಕಿದಳು.

ಇದನ್ನೇ ಬರ್ಕೊಂಡ ಮೊಮ್ಮಗಳು ಹಾಳೆ ಓದುವ ದಿನ ನನ್ನನ್ನೂ ಶಾಲೆಗೆ ಕರ್ಕೊಂಡು ಹೋದಳು. ಅವಳು ಓದಿ ಮುಗಿಸಿದ್ದೇ ಹಿಂದಿನ ಬೆಂಚಿನ ಹುಡುಗಿ, ಇದು ದಾರಿ ತಪ್ಪಿದ್ದು, ಕಂಡುಹಿಡಿದಿದ್ದಲ್ಲ ಅಂದುಬಿಟ್ಟಳು. ನಮ್ಮ ಹುಡುಗಿ ಮುಖ ಸಣ್ಣದಾಯ್ತು. ಆಮೇಲೆ ಚೀಲದಿಂದ ನಮ್ಮ ಹಿತ್ತಲಿನ ಕರಿಬೇವಿನ ಟೊಂಗೆ ತೆಗೆದು ಮೇಜಿನ ಮೇಲಿಟ್ಟಳು.

"ಪುಸ್ತಕದಾಗಿನವರೂ ಎಷ್ಟೋ ಸಲ ದಾರಿ ತಪ್ಪಿದ್ರು. ನಮ್ಮಜ್ಜೀನೂ ಗಿಡ ತಂದಾಳೆ. ನೋಡ್ರಿ."

ಮೇಡಂ ಒಂದು ಎಲೆ ಮುರಿದು ಮೂಸಿ ನೋಡಿ, ಹಾಳೇನ ಆ ಹಡಗಿನಾಕೆ ಪಕ್ಕದಲ್ಲೇ ಹಚ್ಚಿದರು. ಈಗ ನೀವೇ ಒಂದ್ಸಲ ಓದ್ರಿ ಅಜ್ಜಿ ಅಂದರು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಮೂರನೇ ಸಾಲಲ್ಲಿ ನಮ್ಮ ಹುಡುಗಿ ಯಜಮಾನರ ಹೆಸರನ್ನ ದೊಡ್ಡದಾಗಿ ಬರೆದುಬಿಟ್ಟಿದ್ದಳು. ಸೆರಗು ಮುಖಕ್ಕೆ ಎಳಕೊಂಡೆ. ಇಡೀ ಕ್ಲಾಸು ಎದ್ದು ನಿಂತು ನನ್ನ ಪರವಾಗಿ ಆ ಹೆಸರು ಕೂಗಿತು. ನಾನು ನಾಲ್ಕನೇ ಸಾಲಿಗೆ ಹೋದೆ.