ವನಜಾಕ್ಷಿ ಕಟ್ಟಿಸಿದ ಹಿತ್ತಲ ಮನೆ

ವನಜಾಕ್ಷಿ ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದಳು, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ. ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದ ದಿನವೂ ಅದನ್ನೇ ಮಾಡಿದಳು. ಕಾಫಿ ತಂದ ಸೊಸೆ ಬೆದರಿ ಹಿಂದಕ್ಕೆ ಸರಿದಳು.

"ಈ ಮನೆ ಬೇಯ್ತಾ ಇದೆ ಕಣಜ್ಜಿ. ಹೆಂಗಿದೀರ ಇದ್ರೊಳಗೆ?"

"ಬೆಂದ್ಕೊಂಡೇ ಇದೀವಿ. ಅದಕ್ಕೇ ನಿನ್ನ ಕರೆಸಿದ್ದು" ಎಂದೆ.

ಮನೆಗಳ ನಕ್ಷೆ ಬರೆದು, ನಿಂತು ಕಟ್ಟಿಸುವುದು ಅವಳ ಕೆಲಸ. ನೆಲಮಂಗಲದಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಬಾಯಲ್ಲಿ ಸದಾ ಲವಂಗ, ಮಾತೂ ಅಷ್ಟೇ ಖಾರ.

ನಮ್ಮದು ನೇಯುವ ಮನೆ. ನಡುಮನೆಯಲ್ಲಿ ಮಗ್ಗ, ತಲೆಯ ಮೇಲೆ ಕಾದ ತಾರಸಿ. ನನಗೆ ಹಿತ್ತಲಲ್ಲಿ ಪುಟ್ಟದೊಂದು ಮನೆ ಬೇಕಿತ್ತು. ನನ್ನ ಬಾಗಿಲು, ನನ್ನ ಒಲೆ. ಸೊಸೆ ಕೆಟ್ಟವಳಲ್ಲ. ಆದರೆ ಒಂದು ಒಲೆಗೆ ಇಬ್ಬರು ಯಜಮಾನಿಯರಾದರೆ ಸಾರು ಕೆಡುತ್ತದೆ. ಮಗ ನಾಗರಾಜ ಮಾತ್ರ ಒಪ್ಪಲಿಲ್ಲ.

"ಬೀದಿಯವ್ರು ಏನಂತಾರಮ್ಮ? ಹೆತ್ತೋಳ್ನ ಹಿತ್ಲಿಗೆ ತಳ್ದ ಅಂತಾರೆ."

ನಾನು ಬಾಯಿ ತೆಗೆಯುವ ಮೊದಲೇ ವನಜಾಕ್ಷಿ, "ಅಮ್ಮನ್ನ ಯಾರೂ ತಳ್ತಾ ಇಲ್ಲ ಕಣ್ರೀ, ಅವರು ಹೊರಟಿದಾರೆ, ನೀವು ಅಡ್ಡ ನಿಂತಿದೀರ. ಸರೀರಿ, ಅಳತೆ ತಗೋಬೇಕು" ಎಂದಳು.

ಅವನು ಸರಿದ. ಷರತ್ತು ಹಾಕಿಯೇ ಸರಿದ. "ಒಂದು ಬೇಸಿಗೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ವಾಪಸ್ ಬರ್ಬೇಕು. ಅದನ್ನ ಬಾಡಿಗೆಗೆ ಕೊಟ್ಬಿಡ್ತೀನಿ."

ಮಾರನೆಯ ದಿನ ಬೆಳಗಿನಿಂದ ಸಂಜೆಯವರೆಗೆ ವನಜಾಕ್ಷಿ ಹಿತ್ತಲಲ್ಲೇ ಕೂತಳು. ಹೊಂಗೆ ಮರದ ನೆರಳು ಸರಿದಂತೆಲ್ಲ ನನ್ನ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಳು. ಪುಡಿ ಖಾಲಿಯಾಯಿತು. "ಗೋಡೆಗಿಂತ ಮುಂಚೆ ನೆರಳು ಕಟ್ಬೇಕಜ್ಜಿ" ಎಂದಳು. ಪಡುವಣ ದಿಕ್ಕಿಗೆ ಕಿಟಕಿ ಬೇಕೆಂದು ಜಗಳವಾಡಿದೆ. ಸಂಜೆ ಬಿಸಿಲು ನುಗ್ಗುತ್ತದೆಂದು ಅವಳು ಇಡಲಿಲ್ಲ. ದಪ್ಪನೆಯ ಮಣ್ಣಿನ ಇಟ್ಟಿಗೆ, ಮೇಲೆ ಹೆಂಚು, ಬೆಳಕಿಗೆ ನಡುವೆ ಗಾಜಿನ ಹೆಂಚು. ನೆಲದ ಹತ್ತಿರ ಸಾಲಾಗಿ ಕಿಂಡಿಗಳು, ಸೂರಿನ ಕೆಳಗೂ ಕಿಂಡಿಗಳು. "ತಣ್ಣಗಿನ ಗಾಳಿ ಕೆಳಗೆ ಬರ್ಲಿ, ಬಿಸಿ ಮೇಲೆ ಹೋಗ್ಲಿ. ಫ್ಯಾನು ಮರ್ತುಬಿಡಿ."

ಮನೆ ಎದ್ದಿತು, ನಾನು ಒಲೆ ಹೂಡಿದೆ. ಬೇಸಿಗೆ ಬಂತು. ಹೊಸ ಮನೆಯೂ ಬೆಂದಿತು. ನಾಗರಾಜ ಒಳಗೆ ಬಂದು ಬೆವರು ಒರೆಸಿಕೊಂಡ. "ನೋಡ್ದಾ? ಇದು ಮನೆಯಲ್ಲ, ಬೇಕರಿ ಒಲೆ. ಗಂಟು ಕಟ್ಟು, ನಡಿ."

ವನಜಾಕ್ಷಿಗೆ ಫೋನು ಮಾಡಿದೆ. "ಆ ಮನೆ ಬೇಯೋದು ಸಾಧ್ಯವೇ ಇಲ್ಲ" ಎಂದು ಫೋನು ಇಟ್ಟುಬಿಟ್ಟಳು. ಮಧ್ಯಾಹ್ನಕ್ಕೆ ಬಂದಳು. ಗೋಡೆಗೆ ಕೆನ್ನೆ ಒತ್ತಿದಳು. ಗೋಡೆ ತಣ್ಣಗಿತ್ತು. ಹುಬ್ಬು ಗಂಟಿಕ್ಕಿ, ಮಂಡಿಯೂರಿ ಕಿಂಡಿಗೆ ಕೈ ಹಾಕಿದಳು. ಕೆಂಪು, ಹಳದಿ, ಹಸಿರು ರೇಷ್ಮೆಯ ಕಚಡಾ ನೂಲು ಉಂಡೆ ಉಂಡೆಯಾಗಿ ಹೊರಬಂತು. ಎಲ್ಲ ಕಿಂಡಿಗಳಲ್ಲೂ ಅದೇ.

ತುರುಕಿದವಳು ನಾನೇ. ಒಣಗಾಳಿ ಎದ್ದರೆ ನೇಯುವವರ ಮನೆಯಲ್ಲಿ ಸಂದಿಗೊಂದಿ ಮುಚ್ಚುತ್ತಾರೆ. ಗಾಳಿ ಬಡಿದರೆ ರೇಷ್ಮೆ ಒಣಗಿ ಎಳೆ ಕಿತ್ತುಹೋಗುತ್ತದೆ. ಮದುವೆಯಾಗಿ ಬಂದಾಗಿನಿಂದ ಮಾಡಿದ ಕೆಲಸ. ಕೈ ತಾನಾಗಿಯೇ ಮಾಡಿತ್ತು.

"ಅಜ್ಜೀ, ಇಲ್ಲಿ ಮಗ್ಗ ಎಲ್ಲಿದೆ?"

"ಇಲ್ಲ."

"ಮತ್ತೆ ಯಾವ ಎಳೆ ಕಿತ್ತೋಗುತ್ತೆ ಅಂತ ಗಾಳಿ ಕಟ್ಟಿದ್ರಿ? ಉಸಿರಾಡೋರು ನೀವು ತಾನೇ?"

ನಾಗರಾಜ ಬಿದ್ದು ಬಿದ್ದು ನಕ್ಕ. "ಮೊನ್ನೆ ನಮ್ಮ ಮಗ್ಗದ ಮನೇಲಿ ನಾನೂ ತುರುಕ್ದೆ ಮೇಡಂ. ಇಲ್ಲಿ ನೋಡಿದ್ರೂ ಹೊಳೀಲಿಲ್ಲ."

ನೂಲೆಲ್ಲ ಕಿತ್ತು ಹಾಕಿದೆವು. ಹೊಂಗೆಯ ಕೆಳಗಿನ ಗಾಳಿ ಕಾಲಿಗೆ ತಾಕಿತು. ಸ್ವಲ್ಪ ಹೊತ್ತಿನಲ್ಲಿ ನಾಗರಾಜ ಗೋಡೆಗೆ ಒರಗಿದವನು ಹಾಗೇ ಗೊರಕೆ ಹೊಡೆದ.

"ಎಬ್ಬಿಸ್ಬೇಡಿ, ತೀರ್ಪು ಬಂತು" ಎಂದು ವನಜಾಕ್ಷಿ ಸ್ಕೂಟರು ಹತ್ತಿದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.

ಈ ವರ್ಷ ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಹಿತ್ತಲಿಗೆ ಬಂದು ಬಾಗಿಲು ತಟ್ಟುವವರು ಯಾರೂ ಇಲ್ಲ. ನಮ್ಮವರು ನುಗ್ಗಿಯೇ ಬರುವುದು. ತೆರೆದರೆ ನಾಗರಾಜ.

"ವನಜಾಕ್ಷಿ ಮೇಡಂ ತೀರ್ಕೊಂಡ್ರಂತೆ ಕಣಮ್ಮ. ಕಾಯಿಲೆ ಇತ್ತಂತೆ, ಯಾರ್ಗೂ ಹೇಳಿರ್ಲಿಲ್ಲ."

ಅವನು ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತಿದ್ದ.

"ಒಳಗೆ ಬರ್ಲಾ?" ಎಂದ, ನನ್ನ ಬಾಗಿಲಲ್ಲಿ ಮೊದಲ ಸಲ.

"ಬಾ" ಎಂದೆ. ಮಣೆ ಹಾಕಿ, ಕಾಫಿಗೆ ಇಟ್ಟೆ.