ನಲ್ಲಿರಾಯನ ವಾರ್ತೆ

ಗಂಡನನ್ನು ಮಣ್ಣು ಮಾಡಿ ಇನ್ನೂ ಕಣ್ಣೀರು ಆರಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಪಕ್ಕದ ಮನೆಯಿಂದ ಅವನ ದನಿ ಬಂತು.

"ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಮೇಲಿನ ಬೀದಿಗೆ ನೀರು ಬರುವುದಿಲ್ಲ. ಇವತ್ತೇ ಹಿಡಿದಿಟ್ಟುಕೊಳ್ಳಿ."

ಚಾಕು ಕೈಯಲ್ಲಿದ್ದಂತೆಯೇ ಓಡಿದಳು. ಟೀವಿಯಲ್ಲಿ ಅವನೇ ಕೂತಿದ್ದ. ಮೈಮೇಲೆ ಗೆರೆಗೆರೆ ಶರ್ಟು. ಆ ಶರ್ಟು ತೊಡಿಸಿಯೇ ಅವನನ್ನು ಗುಂಡಿಗೆ ಇಳಿಸಿದ್ದರು. ಪಕ್ಕದ ಮನೆಯ ಅಕ್ಕ ಅವತ್ತು ಗೋಳೋ ಎಂದು ಅತ್ತವಳು. ಈಗ ಬಕೆಟ್ ಹಿಡಿದು ನಲ್ಲಿಯ ಕಡೆ ಹೊರಟಿದ್ದಳು. ಇವಳ ಮುಖ ನೋಡಿ ನಿಂತಳು.

ಊರಿನ ಆ ಪುಟ್ಟ ಟೀವಿ ಸ್ಟೇಷನ್ನಿಗೆ ಅವನು ಸೇರಿದ್ದು ವೈರ್ ಎಳೆಯಲು. ವಾರ್ತೆ ಓದುವವನಿಗೆ ಒಮ್ಮೆ ಗಂಟಲು ಕಟ್ಟಿತು, ಇವನನ್ನು ಕೂರಿಸಿದರು. ಕೂತವನು ಏಳಲೇ ಇಲ್ಲ. ಮೇಲೆ ಇಸ್ತ್ರಿ ಶರ್ಟು, ಮೇಜಿನ ಕೆಳಗೆ ಹಳೇ ಪೈಜಾಮ. ದೊಡ್ಡ ಚಾನಲ್ಲಿನವರು ದೇಶದ ಸುದ್ದಿ ಹೇಳಿದರೆ ಇವನು ಯಾವ ಬೀದಿಗೆ ನೀರಿಲ್ಲ, ಯಾವ ಸೇತುವೆ ಮುಚ್ಚಿದೆ, ಯಾರ ಮಗು ಕಾಣೆಯಾಗಿದೆ ಎಂದು ಹೇಳುತ್ತಿದ್ದ. ಜನ ನಲ್ಲಿರಾಯ ಎಂದು ಹೆಸರಿಟ್ಟರು. ನೀರಿನ ಸುದ್ದಿ ಫೋನಿನಲ್ಲಿ ಬಂದರೆ ಅವನು ನಂಬುತ್ತಿರಲಿಲ್ಲ. ಸೈಕಲ್ ತುಳಿದು ಪಂಪ್‌ಹೌಸಿಗೇ ಹೋಗಿ ನೋಡಿಬಂದು ಓದುತ್ತಿದ್ದ. ನನ್ನ ಬದಲು ಆ ಪಂಪನ್ನೇ ಕಟ್ಟಿಕೊಳ್ಳಬೇಕಿತ್ತು ಎಂದು ಅವಳು ರೇಗಿದ್ದುಂಟು. ಅಲ್ಲಿಂದ ಬರುವಾಗಲೇ ಎದೆ ಹಿಡಿದುಕೊಂಡು ಬಿದ್ದ.

ಮಾರನೇ ಬೆಳಿಗ್ಗೆ ನಲ್ಲಿಯಲ್ಲಿ ಧೋ ಎಂದು ನೀರು ಬಂತು. ಅವಳಿಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಸ್ಟೇಷನ್ನಿಗೆ ಹೋದಳು.

ಮಾಲೀಕ ಗಂಡನ ಗೆಳೆಯ, ಇವಳನ್ನು ಅತ್ತಿಗೆ ಎನ್ನುವವನು. ತಲೆ ಎತ್ತಲಿಲ್ಲ. ಲೈಸೆನ್ಸ್ ಮುಗಿಯುತ್ತಿದೆ ಎಂದ. ದಿನಾ ಇಂತಿಷ್ಟು ಹೊತ್ತು ಊರಿನ ವಿಷಯ ಹಾಕಿದರೆ ಮಾತ್ರ ಮತ್ತೆ ಕೊಡುತ್ತಾರಂತೆ. ಬೇರೆಯವರನ್ನು ಕೂರಿಸಿದರೆ ಜನ ನೋಡುವುದಿಲ್ಲ, ಅದಕ್ಕೇ ಅಣ್ಣ ಓದಿದ ಹಳೇ ರೆಕಾರ್ಡಿಂಗನ್ನೇ ತಾರೀಖು ಕತ್ತರಿಸಿ ಹಾಕುತ್ತಿದ್ದೇನೆ ಎಂದ. ಬಾಗಿಲು ಮುಚ್ಚಿದರೆ ಅಣ್ಣ ಬೆವರು ಸುರಿಸಿದ್ದೆಲ್ಲ ನೀರುಪಾಲು ಎಂದ.

"ಅವರು ಕಣ್ಣಾರೆ ನೋಡದೆ ಒಂದು ಮಾತು ಓದಿದವರಲ್ಲ. ಸತ್ತ ಮೇಲೆ ಅವರ ಬಾಯಲ್ಲಿ ಸುಳ್ಳು ಹೇಳಿಸ್ತಿದ್ದೀಯಲ್ಲೋ."

ಬೈದು ಬಂದಳು. ಸಂಜೆ ತಾನೂ ಟೀವಿ ಹಾಕಿದಳು. ಅವನು ನಮಸ್ಕಾರ ಎಂದ. ಆರಿಸಲು ಕೈ ಬರಲಿಲ್ಲ. ಮರುದಿನವೂ ಕೈ ಬರಲಿಲ್ಲ.

ಲೈಸೆನ್ಸಿನ ಅಧಿಕಾರಿ ಬಂದರು. ಸ್ಕೂಲಿನ ಹಾಲ್‌ನಲ್ಲಿ ಜನರನ್ನು ಸೇರಿಸಿ, ಸ್ಟೇಷನ್ನಿಂದ ಊರಿಗೇನು ಉಪಯೋಗ ಎಂದು ವಿಚಾರಿಸಿದರು. ಒಬ್ಬ ತಾಯಿ ತನ್ನ ಮಗು ಸಿಕ್ಕಿದ್ದನ್ನು ಹೇಳಿದಳು. ಲಾರಿ ಡ್ರೈವರ್ ಸೇತುವೆಯ ವಿಷಯ ಹೇಳಿದ. ಅಧಿಕಾರಿಗೆ ಖುಷಿಯಾಯಿತು.

"ಓದೋರು ಬಹಳ ಚೆನ್ನಾಗಿ ಓದ್ತಾರೆ. ನಿನ್ನೇನೂ ನೋಡ್ದೆ. ಇವತ್ತು ಬಂದಿಲ್ವಾ?"

ಅಲ್ಲಿದ್ದವರೆಲ್ಲ ಅವನ ಹೆಣ ನೋಡಿದವರೇ. ಒಬ್ಬರೂ ತುಟಿ ಬಿಚ್ಚಲಿಲ್ಲ. ಅವಳು ಮಾಲೀಕನೊಬ್ಬನ ಆಟ ಅಂದುಕೊಂಡಿದ್ದಳು. ಇಡೀ ಊರೇ ಸೇರಿಕೊಂಡಿದೆ. ಅವಳು ಎದ್ದಳು. ಪಕ್ಕದ ಮನೆಯ ಅಕ್ಕ ತೋಳು ಹಿಡಿದು ಎಳೆದಳು. ಕೊಸರಿಕೊಂಡಳು.

"ಅವರು ತೀರಿಕೊಂಡಿದ್ದಾರೆ. ನಾನು ಅವರ ಹೆಂಡತಿ."

ಅಧಿಕಾರಿ ಕೇಳಿದರು: "ಹಾಗಾದ್ರೆ ಈ ಸ್ಟೇಷನ್ನಿಂದ ಉಪಯೋಗ ಇಲ್ಲ ಅಂತೀರಾ?"

"ಅವರಿದ್ದಾಗ ಇತ್ತು. ಈಗ ನಿಮಗೆ ತೋರ್ಸೋಕೆ ಇದೆ ಅಷ್ಟೇ."

ಲೈಸೆನ್ಸ್ ತಡೆಹಿಡಿದರು. ಸಂಜೆ ಟೀವಿಯಲ್ಲಿ ಏನೂ ಬರಲಿಲ್ಲ. ಅಕ್ಕ ಬಂದಳು. ಜಗಳಕ್ಕೇ ಬಂದಳು ಎಂದು ಇವಳು ಅಂದುಕೊಂಡಳು. ಅಕ್ಕ ಹೊಸಿಲ ಮೇಲೆ ಕುಕ್ಕರಿಸಿದಳು.

"ನಿಮ್ಮನೆಯವರು ಇವತ್ತು ಹೋದ್ರು ಕಣೇ," ಎಂದಳು.

ಅವಳು ಹೂಂ ಎಂದಳು. ಕಳಿಸಿದವಳು ತಾನೇ.